ಖಾಲಿ ಹಗ್ಗ, ಕೆಂಪು ಧೂಳು

"ಡೈನೋಸಾರ್‌ಗಳು ಡಿಸೆಂಬರ್ ತಿಂಗಳಲ್ಲಿ ಹುಟ್ಟಿ ಡಿಸೆಂಬರ್ ತಿಂಗಳಲ್ಲೇ ಸತ್ತವು."

ಕಿರುಪರೀಕ್ಷೆಯ ಉತ್ತರದಲ್ಲಿ ಇದನ್ನು ಓದಿ ಮೊದಲು ನಕ್ಕೆ. ಇನ್ನೂ ನಾಲ್ಕು ಮಕ್ಕಳು ಅದನ್ನೇ ಬರೆದಿದ್ದು ಕಂಡಾಗ ನಗು ನಿಂತಿತು. ತಪ್ಪು ಅವರದ್ದಲ್ಲ, ನನ್ನದು. ಭೂಮಿಯ ಇಡೀ ಚರಿತ್ರೆಯನ್ನು ಒಂದು ವರ್ಷದ ಕ್ಯಾಲೆಂಡರಿಗೆ ಇಳಿಸಿ ಹೇಳಿದ್ದೆ. ಜನವರಿ 1ಕ್ಕೆ ಭೂಮಿ ಹುಟ್ಟಿತು ಅಂದುಕೊಳ್ಳಿ, ಡಿಸೆಂಬರ್ 13ರ ಸುಮಾರಿಗೆ ಡೈನೋಸಾರ್ ಬರುತ್ತವೆ, 26ಕ್ಕೆ ಹೋಗುತ್ತವೆ, 31ರ ರಾತ್ರಿ ಹನ್ನೆರಡಕ್ಕೆ ಅರ್ಧ ಗಂಟೆ ಇರುವಾಗ ಮನುಷ್ಯ. ಚೆಂದದ ಹೋಲಿಕೆ. ಆದರೆ ಮಕ್ಕಳ ತಲೆಯಲ್ಲಿ 'ಅಂದುಕೊಳ್ಳಿ' ಅನ್ನೋದು ಹಾರಿಹೋಗಿ ಡಿಸೆಂಬರ್ ಮಾತ್ರ ಉಳಿದಿತ್ತು.

ನಾನು ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಿತು. ಅಧ್ಯಾಯದ ಹೆಸರಿನಲ್ಲಿ ಅನುವಂಶೀಯತೆ ಮಾತ್ರ ಉಳಿಯಿತು. ಆ ಬಗ್ಗೆ ನನ್ನ ಬೇಸರ ಏನೇ ಇರಲಿ, ಒಂದು ಅನುಕೂಲವೂ ಆಯಿತು. ಈ ವಿಷಯವನ್ನು ಶನಿವಾರ ಬೆಳಿಗ್ಗೆಯ ವಿಜ್ಞಾನ ಸಂಘಕ್ಕೆ ತಂದೆ. ಅಲ್ಲಿ ಪರೀಕ್ಷೆ ಇಲ್ಲ. ಎಂಟನೆಯವರೂ ಬರಬಹುದು, ಹತ್ತನೆಯವರೂ ಬರಬಹುದು.

ಕ್ಯಾಲೆಂಡರ್ ಬಿಟ್ಟು ಹಗ್ಗ ಹಿಡಿದೆ. ಲೆಕ್ಕ ಹಾಕಿ ನೋಡಿದರೆ ನಮ್ಮ ಲಕ್ಷ, ಕೋಟಿಗಳಿಗೆ ಹಗ್ಗ ಹೇಳಿ ಮಾಡಿಸಿದ ಹಾಗಿದೆ. 1 ಮೀಟರ್ ಅಂದರೆ 10 ಕೋಟಿ ವರ್ಷ. 1 ಸೆಂಟಿಮೀಟರ್ ಅಂದರೆ 10 ಲಕ್ಷ. 1 ಮಿಲಿಮೀಟರ್ ಅಂದರೆ 1 ಲಕ್ಷ. ಮಿಲಿಯನ್, ಬಿಲಿಯನ್ ಅಂತ ಮಕ್ಕಳನ್ನು ಕಾಡಿಸಬೇಕಿಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಹಾಗಾಗಿ 45 ಮೀಟರ್ 40 ಸೆಂಟಿಮೀಟರ್ ಹಗ್ಗ. ನಮ್ಮ ಮೈದಾನದಲ್ಲಿ ಧ್ವಜಕಂಬದಿಂದ ಬಿಸಿಯೂಟದ ಕೋಣೆವರೆಗೆ ಸರಿಯಾಗಿ ಹಿಡಿಯುತ್ತದೆ. ಕಂಬದ ಹತ್ತಿರ ಭೂಮಿ ಹುಟ್ಟುತ್ತದೆ, ಅಡುಗೆ ಕೋಣೆ ಬಾಗಿಲಲ್ಲಿ ಇವತ್ತು.

ಮೊದಲ ಸಲ ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವೂ ಮಾಡಬೇಡಿ. ಸಂತೆಯಿಂದ ತೆಂಗಿನ ನಾರಿನ ಹಗ್ಗ ತಂದೆ. ದೈಹಿಕ ಶಿಕ್ಷಕರ ಹತ್ತಿರ ಲಾಂಗ್‌ಜಂಪ್ ಅಳೆಯುವ ಟೇಪು ಇಸಿದುಕೊಂಡು ಹಗ್ಗ ಅಳೆದು ಕತ್ತರಿಸಿದೆವು. ಆಮೇಲೆ ಮೀಟರಿಗೊಂದು ಗಂಟು ಹಾಕುತ್ತಾ ಬಂದೆವು. ಕೊನೆಗೆ ಎಳೆದು ಕಟ್ಟಿದರೆ ಹಗ್ಗ ಅಡುಗೆ ಕೋಣೆ ಮುಟ್ಟಲೇ ಇಲ್ಲ! ಎರಡು ಮೀಟರಿಗಿಂತ ಹೆಚ್ಚೇ ಕಮ್ಮಿ ಬಿತ್ತು. ಒಂದೊಂದು ಗಂಟೂ ಐದು ಸೆಂಟಿಮೀಟರ್ ನುಂಗಿತ್ತು. ಒಬ್ಬ ಹುಡುಗ ಲೆಕ್ಕ ಮಾಡಿ, "ಸರ್, 20 ಕೋಟಿ ವರ್ಷ ಗಂಟಿಗೇ ಹೋಯ್ತು" ಅಂದ. ಗಂಟೆಲ್ಲ ಬಿಚ್ಚಿದೆವು. ಈಗ ಹಳೆ ಸೀರೆಯ ಚಿಂದಿ ಕಟ್ಟುತ್ತೇವೆ, ಅದು ಉದ್ದ ತಿನ್ನುವುದಿಲ್ಲ. ಘಟನೆಗಳನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತೇವೆ.

ರಟ್ಟುಗಳನ್ನು ಸಿಕ್ಕಿಸಿದ ಮೇಲೆ ನನಗೆ ಮುಜುಗರ ಶುರುವಾಯಿತು. ಅಡುಗೆ ಕೋಣೆ ಕಡೆಯ ಐದಾರು ಮೀಟರಿನಲ್ಲಿ ರಟ್ಟುಗಳ ಜಾತ್ರೆ. ಉಳಿದ 40 ಮೀಟರ್ ಹೆಚ್ಚುಕಮ್ಮಿ ಖಾಲಿ. ಮಕ್ಕಳನ್ನು ಖಾಲಿ ಹಗ್ಗದ ಪಕ್ಕ ನಡೆಸೋದು ಹೇಗೆ? ಬೇಜಾರಾಗುತ್ತೆ ಅಲ್ವಾ? ಹಾಗಾಗಿ ಮೊದಲ ವರ್ಷ "ಇಲ್ಲೆಲ್ಲ ಬರೀ ಬ್ಯಾಕ್ಟೀರಿಯಾ, ಬನ್ನಿ ಬನ್ನಿ" ಅಂತ ಓಡಿಸಿಕೊಂಡು ಹೋಗಿ ಡೈನೋಸಾರ್ ಮುಂದೆ ನಿಲ್ಲಿಸಿದೆ. ಅದು ಕ್ಯಾಲೆಂಡರಿಗಿಂತ ದೊಡ್ಡ ತಪ್ಪು. ಜೀವದ ಚರಿತ್ರೆಯ ಬಹುಪಾಲು ಇರೋದೇ ಆ ಖಾಲಿ ಹಗ್ಗದಲ್ಲಿ. ನಾನು ಅದನ್ನೇ ಹಾರಿಸಿಬಿಟ್ಟಿದ್ದೆ.

ಎರಡನೇ ವರ್ಷದಿಂದ ಒಂದು ನಿಯಮ ಮಾಡಿದೆ. ಕಂಬದಿಂದ ಹೊರಟರೆ ಒಂದು ಹೆಜ್ಜೆ ಮುಂದೆ ಇನ್ನೊಂದು ಹೆಜ್ಜೆ ತಾಗಿಸಿ ನಡೆಯಬೇಕು, ಮಾತಾಡಬಾರದು. ಮೊದಲ ಹತ್ತು ಮೀಟರಿನಲ್ಲಿ ಒಂದೇ ರಟ್ಟು ಇರುತ್ತದೆ: 440 ಕೋಟಿ ವರ್ಷದ ಜಿರ್ಕಾನ್ ಹರಳು, ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದ್ದು. "ಅಷ್ಟು ಹಳೇದು ಅಂತ ಯಾರು ನೋಡಿದ್ರು ಸರ್?" ಅನ್ನುವ ಪ್ರಶ್ನೆ ಪ್ರತಿ ವರ್ಷ ಅಲ್ಲೇ ಬರುತ್ತದೆ. ಉತ್ತರಕ್ಕೂ ಹಗ್ಗವೇ ಸಾಕು. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಿ ಕೊನೆಗೆ ಸೀಸವಾಗಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ. ಹತ್ತಿರಹತ್ತಿರ ಇಡೀ ಹಗ್ಗದಷ್ಟು. ಕಂಬದ ಹತ್ತಿರ ಎರಡು ಪಾಲು ಯುರೇನಿಯಂ ಇದ್ದರೆ, ಅಡುಗೆ ಕೋಣೆ ಮುಟ್ಟುವಾಗ ಒಂದು ಪಾಲು ಸೀಸವಾಗಿರುತ್ತದೆ. ಹರಳಿನಲ್ಲಿ ಯುರೇನಿಯಂ ಎಷ್ಟಿದೆ, ಸೀಸ ಎಷ್ಟಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು ಹೇಳಿದ್ದೂ ಉಲ್ಕಾಶಿಲೆಯ ಸೀಸ ಅಳೆದೇ.

ಅಡುಗೆ ಕೋಣೆಯಿಂದ ಹಿಂದಕ್ಕೆ ಎಣಿಸಿದರೆ ಸುಮಾರು 35 ಮೀಟರಿನಲ್ಲಿ ಸ್ಟ್ರೊಮ್ಯಾಟೊಲೈಟ್ ರಟ್ಟು. ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿ ಕಲ್ಲಾದ ಗುಪ್ಪೆಗಳು. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸಿಕ್ಕಿವೆ, ಸುಮಾರು 348 ಕೋಟಿ ವರ್ಷದ್ದು. ಮಗುಚಿದ ಇಡ್ಲಿಗಳನ್ನು ಒಂದರ ಮೇಲೊಂದು ಇಟ್ಟು ಅಡ್ಡಕ್ಕೆ ಕೊಯ್ದ ಹಾಗೆ ಕಾಣುತ್ತವೆ ಅಂತ ನಾನು ಹೇಳೋದು. 30 ಮೀಟರಿನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಂಡೆ. ಅದು ಜೀವಿ ಅಲ್ಲ ನಿಜ, ಆದರೆ ಪ್ರವಾಸಕ್ಕೆ ಹೋದವರು ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡಿರುತ್ತಾರೆ.

ಅಲ್ಲಿಂದ ಮೂರು ಮೀಟರ್ ಮುಂದೆ, 27ರಲ್ಲಿ, ರಟ್ಟಿನ ಬದಲು ಒಂದು ಕಲ್ಲು ಇಟ್ಟಿರುತ್ತೇನೆ. ನಮ್ಮ ಗುಡ್ಡದ ಕಬ್ಬಿಣದ ಅದಿರು.

ಸಂಡೂರಿನ ಮಕ್ಕಳಿಗೆ ಅದಿರಿನ ಪರಿಚಯ ಮಾಡಿಸಬೇಕಿಲ್ಲ. ಒಣಹಾಕಿದ ಬಿಳಿ ಅಂಗಿ ಸಂಜೆ ಹೊತ್ತಿಗೆ ಕೆಂಪಾಗೋದು, ರಸ್ತೆ ಬದಿಯ ಬೇವಿನ ಎಲೆ ಮಳೆಗಾಲದವರೆಗೂ ಹಸಿರು ತೋರಿಸದೇ ಇರೋದು, ಇದೆಲ್ಲ ಅವರಿಗೆ ದಿನದ ಮಾತು. ಒಬ್ಬರ ಕೈಗೆ ಕಲ್ಲು ಕೊಟ್ಟು ಟೈಲ್ಸಿನ ಹಿಂಬದಿಯಲ್ಲಿ, ಹೊಳಪಿಲ್ಲದ ಕಡೆ, ಗೀಚಲು ಹೇಳುತ್ತೇನೆ. ಕಲ್ಲು ನೋಡಲು ಉಕ್ಕಿನ ಹಾಗೆ ಬೂದು. ಗೀಟು ಮಾತ್ರ ಇಟ್ಟಿಗೆಗೆಂಪು. ಅದಿರಿನ ಒಳಗಿರೋದು ಕಬ್ಬಿಣ ಮತ್ತು ಆಮ್ಲಜನಕ, ಅಂದರೆ ಒಂಥರಾ ತುಕ್ಕು. ಹಿಂದಿನ ದಿನವೇ ಎರಡು ಸೀಸೆಯಲ್ಲಿ ಮೊಳೆ ಹಾಕಿಟ್ಟಿರುತ್ತೇವೆ. ಒಂದರಲ್ಲಿ ಕುದಿಸಿ ಆರಿಸಿದ ನೀರು, ಮೇಲೆ ಎಣ್ಣೆ. ಇನ್ನೊಂದರಲ್ಲಿ ನಲ್ಲಿ ನೀರು. ನಲ್ಲಿ ನೀರಿನ ಮೊಳೆಗೆ ತುಕ್ಕು ಹಿಡಿದಿರುತ್ತದೆ, ಇನ್ನೊಂದಕ್ಕೆ ಇಲ್ಲ. ಆ ಕಾಲದ ಸಮುದ್ರ ಹೆಚ್ಚುಕಮ್ಮಿ ಮೊದಲನೇ ಸೀಸೆಯ ಹಾಗೆ. ಆಮ್ಲಜನಕ ಇಲ್ಲದ್ದರಿಂದ ಕಬ್ಬಿಣ ನೀರಲ್ಲಿ ಕರಗಿಯೇ ಇತ್ತು. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಆಮ್ಲಜನಕ ಬಿಡತೊಡಗಿದಾಗ ಕಬ್ಬಿಣ ಅದನ್ನು ಹಿಡಿದುಕೊಂಡು ತಳಕ್ಕೆ ಕೂತಿತು. ಪದರ ಪದರವಾಗಿ ಕೂತಿದ್ದು ಇವತ್ತು ಲಾರಿ ಹತ್ತುತ್ತಿದೆ.

ಇಷ್ಟು ಹೇಳಿ ಮುಂದೆ ನಡೆದು 24 ಮೀಟರಿನ ರಟ್ಟು ತೋರಿಸಿದೆ. ಸುಮಾರು 240 ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಅಲ್ಲೇ ನಿಂತಳು. ಹಿಂದೆ ನೋಡಿದಳು, ಮುಂದೆ ನೋಡಿದಳು.

"ಸರ್, ಆಮ್ಲಜನಕ ಬಂದಿದ್ದು 24ರಲ್ಲಿ ಅಂತೀರಿ. ನಮ್ಮ ಅದಿರು 27ರಲ್ಲೇ ತುಕ್ಕು ಹಿಡಿದಿದೆಯಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. "ಸೋಮವಾರ ಹೇಳ್ತೀನಿ ಕಣಮ್ಮ" ಅಂದೆ. ಕ್ಯಾಲೆಂಡರ್ ಹೋಲಿಕೆಯಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಮಧ್ಯದ ಮೂರು ಮೀಟರನ್ನು ಕಾಲಲ್ಲಿ ನಡೆದಿದ್ದಕ್ಕೇ ಅವಳಿಗೆ ಅದು ಕಂಡಿದ್ದು.

ಎರಡು ದಿನ ಓದಿದೆ. ಸೋಮವಾರ ಹೇಳಿದ್ದು ಇಷ್ಟು. ಆಮ್ಲಜನಕ ತಯಾರಾಗೋದು ಬೇರೆ, ಗಾಳಿಯಲ್ಲಿ ಉಳಿಯೋದು ಬೇರೆ. ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ, ಮೊದಮೊದಲು ಬಂದಿದ್ದನ್ನೆಲ್ಲ ಸಮುದ್ರದ ಕಬ್ಬಿಣ, ಜ್ವಾಲಾಮುಖಿಯ ಅನಿಲಗಳು ಕುಡಿದುಬಿಡುತ್ತಿದ್ದವು. ಇನ್ನೂ ಒಂದು ದಾರಿ ಇದೆ. ಆಮ್ಲಜನಕವೇ ಇಲ್ಲದೆ, ಬೆಳಕಿನ ಸಹಾಯದಿಂದ ಕಬ್ಬಿಣವನ್ನು ತುಕ್ಕು ಮಾಡುವ ಬ್ಯಾಕ್ಟೀರಿಯಾಗಳು ಇವತ್ತಿಗೂ ಇವೆ. ಹಳೇ ಅದಿರಿನಲ್ಲಿ ಯಾರ ಪಾಲು ಎಷ್ಟು ಅನ್ನುವ ವಾದ ವಿಜ್ಞಾನಿಗಳಲ್ಲಿ ಇನ್ನೂ ನಡೆಯುತ್ತಿದೆ. ಅವಳು, "ಹಾಗಾದ್ರೆ ನಿನ್ನೆ ಮೊನ್ನೆ ಹೇಳಿದ್ದು ಅರ್ಧ ಸರಿ" ಅಂದಳು. ಹೌದು, ಅರ್ಧ ಸರಿ.

ಆಮೇಲಿನದ್ದು ಬೇಗ ಹೇಳುತ್ತೇನೆ, ಯಾಕಂದರೆ ಅದನ್ನು ಎಲ್ಲರೂ ಹೇಳುತ್ತಾರೆ. 16 ಮೀಟರಿನ ಆಸುಪಾಸು ಕೋಶಕೇಂದ್ರ ಇರುವ ಜೀವಕೋಶಗಳು. 5 ಮೀಟರ್ 40ರಲ್ಲಿ ಕ್ಯಾಂಬ್ರಿಯನ್, ಬಗೆಬಗೆಯ ಪ್ರಾಣಿಗಳು ಕಾಣಿಸಿಕೊಂಡ ಯುಗ, ಅಲ್ಲಿಂದ ರಟ್ಟುಗಳ ಗದ್ದಲ. 4 ಮೀಟರ್ 70ರಲ್ಲಿ ನೆಲದ ಮೇಲೆ ಗಿಡ. 3 ಮೀಟರ್ 75ರಲ್ಲಿ ಟಿಕ್‌ಟಾಲಿಕ್, ಅರ್ಧ ಮೀನು ಅರ್ಧ ನಾಲ್ಕುಗಾಲಿನ ಪ್ರಾಣಿ. ಇಂಥದ್ದು ಯಾವ ವಯಸ್ಸಿನ ಕಲ್ಲಲ್ಲಿ ಸಿಗಬೇಕು ಅಂತ ಮೊದಲೇ ಲೆಕ್ಕ ಹಾಕಿ, ಕೆನಡಾದ ಉತ್ತರದಲ್ಲಿ ವರ್ಷಗಟ್ಟಲೆ ಹುಡುಕಿ 2004ರಲ್ಲಿ ಹಿಡಿದರು ಅನ್ನೋದು ಮಕ್ಕಳಿಗೆ ಇಷ್ಟ. 2 ಮೀಟರ್ 52ರಲ್ಲಿ ಪರ್ಮಿಯನ್ ಯುಗದ ಕೊನೆಯ ಮಹಾಮರಣ, ಬಹುಪಾಲು ಜೀವಿಗಳ ವಂಶವೇ ಅಳಿದದ್ದು. 2 ಮೀಟರ್ 30ರಲ್ಲಿ ಡೈನೋಸಾರ್. 66 ಸೆಂಟಿಮೀಟರಿನಲ್ಲಿ ಆಕಾಶದಿಂದ ಬಿದ್ದ ಕಲ್ಲು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ದಖ್ಖನ್ನಿನ ಲಾವಾ ಉಕ್ಕಿ ಹರಿದಿದ್ದು. ವಿಜಯಪುರದ ಕಡೆಯ ಕಪ್ಪು ಕಲ್ಲು ಅದೇ.

ಹಗ್ಗ ಯಾವಾಗ ಏನಾಯಿತು ಅಂತ ಹೇಳುತ್ತದೆ. ಜೀವಿಗಳು ಬದಲಾಗಿದ್ದು ಹೇಗೆ ಅನ್ನೋದಕ್ಕೆ ಅಲಸಂದೆ ಕಾಳಿನ ಆಟ. 60 ಬಿಳಿ ಅಲಸಂದೆ, 60 ಕೆಂಪು ಅಲಸಂದೆ. ಮೈದಾನದ ಕೆಂಪು ಮಣ್ಣಲ್ಲಿ ಚೆಲ್ಲಿದೆವು. ಆರು ಮಕ್ಕಳು ಹಕ್ಕಿಗಳು. ಒಟ್ಟು 60 ಕಾಳು ಹೆಕ್ಕುವವರೆಗೆ ಆಟ. ಮೊದಲ ಸುತ್ತಿನಲ್ಲಿ 45 ಬಿಳಿ ಹೋದವು, ಕೆಂಪು ಹೋಗಿದ್ದು 15. ಉಳಿದ ಒಂದೊಂದು ಕಾಳಿಗೂ ಅದೇ ಬಣ್ಣದ ಒಂದು ಮರಿ ಸೇರಿಸಿದೆವು: 30 ಬಿಳಿ, 90 ಕೆಂಪು. ಮೂರು ಸುತ್ತು ಮುಗಿದು ಮರಿ ಸೇರಿಸುವ ಹೊತ್ತಿಗೆ 4 ಬಿಳಿ, 116 ಕೆಂಪು. ಆಗ ಕೇಳುತ್ತೇನೆ: "ಯಾವುದಾದರೂ ಕಾಳು ಬಣ್ಣ ಬದಲಿಸಿತಾ?" ಇಲ್ಲ. ಬದಲಾಗಿದ್ದು ಗುಂಪು. 'ಜಿರಾಫೆ ಎಲೆಗೋಸ್ಕರ ಕುತ್ತಿಗೆ ಉದ್ದ ಮಾಡಿಕೊಂಡಿತು' ಅನ್ನುವ ಉತ್ತರ ಈ ಆಟದ ಮೇಲೆ ತುಂಬ ಕಮ್ಮಿಯಾಗಿದೆ. ಅದೇ ಕಾಳನ್ನು ಸುಣ್ಣ ಬಳಿದ ಜಗಲಿಯ ಮೇಲೆ ಚೆಲ್ಲಿದರೆ ಲೆಕ್ಕ ತಿರುವುಮುರುವಾಗುತ್ತದೆ.

ಒಂದು ಸಲ ಆಟದ ಮಧ್ಯೆ ಪಕ್ಕದ ಮನೆಯ ನಿಜವಾದ ಕೋಳಿಗಳೇ ಬಂದವು. ಬಿಳಿ, ಕೆಂಪು ಅಂತ ಭೇದ ಮಾಡದೆ ಎಲ್ಲ ಹೆಕ್ಕಿ ಮುಗಿಸಿದವು. ಮಕ್ಕಳಿಗೆ ಸಿಟ್ಟು. ನನಗೆ ಖುಷಿ. ಒಂದು, ಪ್ರಕೃತಿಯ ಆಯ್ಕೆ, ಅಂದರೆ ಯಾರು ಉಳಿಯಬೇಕು ಯಾರು ಹೋಗಬೇಕು ಅನ್ನೋದು, ನಡೆಯೋದು ತಿನ್ನುವವರ ಕಣ್ಣಿನ ಮೇಲೆ, ನಮ್ಮ ಕಣ್ಣಿನ ಮೇಲಲ್ಲ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಎರಡು, "ಡೈನೋಸಾರ್ ಎಲ್ಲ ಸತ್ತಿಲ್ಲ, ನೋಡಿ ಹೇಗೆ ಮೇಯ್ತಿವೆ" ಅಂತ ಹೇಳಬಹುದು. ಹಕ್ಕಿಗಳು ಡೈನೋಸಾರ್ ವಂಶವೇ.

ಮಂಗನ ಪ್ರಶ್ನೆ ಬಂದೇ ಬರುತ್ತದೆ. "ಮಂಗನಿಂದ ಮನುಷ್ಯ ಆಗಿದ್ದರೆ ಈಗಲೂ ಮಂಗ ಯಾಕಿವೆ?" ಹಂಪಿ, ಅಂಜನಾದ್ರಿ ಹತ್ತಿರ. ಹಾಗಾಗಿ ಇದು ಬರೀ ವಿಜ್ಞಾನದ ಪ್ರಶ್ನೆಯಲ್ಲ ಅನ್ನೋದು ಗೊತ್ತು. ಒಬ್ಬರ ತಂದೆ ಶಾಲೆಗೇ ಬಂದು, "ಏನ್ ಸರ್, ನಮ್ಮನ್ನ ಮಂಗನ ಮಕ್ಕಳು ಅಂತೀರಂತೆ" ಅಂದರು. ಕೂರಿಸಿ ಚಹಾ ಕೊಟ್ಟೆ. "ನಿಮ್ಮ ದೊಡ್ಡಪ್ಪನ ಮಗನಿಂದ ನೀವು ಹುಟ್ಟಿದ್ದೀರಾ?" ಅಂತ ಕೇಳಿದೆ. "ಇಲ್ಲ, ಅವರು ದಾಯಾದಿ." "ಅಷ್ಟೇ. ತಾತ ಒಬ್ಬರೇ, ಮನೆ ಬೇರೆ ಬೇರೆ." ಆಮೇಲೆ ಹಗ್ಗದ ಹತ್ತಿರ ಕರೆದುಕೊಂಡು ಹೋದೆ. ಚಿಂಪಾಂಜಿಯ ಮನೆ, ನಮ್ಮ ಮನೆ ಬೇರೆಯಾಗಿದ್ದು ಕೊನೆಯ 6-7 ಸೆಂಟಿಮೀಟರಿನಲ್ಲಿ. ದೇವಸ್ಥಾನದ ಮುಂದಿನ ಕೋತಿಯದ್ದು ಇನ್ನೂ ಹಿಂದೆ, ಒಂದು ಗೇಣು ಆಚೆ. ಅವರು ಒಪ್ಪಿದರೋ ಇಲ್ಲವೋ ಹೇಳಲಾರೆ. ಗೇಣು ಹಾಕಿ ಮಾತ್ರ ನೋಡಿದರು.

ನಮ್ಮದೇ ಜೀವಜಾತಿಗೆ, ಅಂದರೆ ಮನುಷ್ಯನಿಗೆ, ಸುಮಾರು 3 ಲಕ್ಷ ವರ್ಷ, 3 ಮಿಲಿಮೀಟರ್. ಹಗ್ಗದ ತುದಿಯ ಎಳೆ ಬಿಚ್ಚಿಕೊಂಡರೆ ಅಷ್ಟು ಹೋಗುತ್ತದೆ. ಅದಕ್ಕೇ ತುದಿಗೆ ಮೇಣ ಹಚ್ಚಿದ್ದೇವೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಕಲ್ಲಿನ ಕೊಡಲಿ ಮಸೆಯುತ್ತಿದ್ದ ಜನರನ್ನು ಎಲ್ಲಿ ತೋರಿಸೋದು ಅಂತ ಒಬ್ಬಳು ಕೇಳಿದಳು. ಸುಮಾರು 5 ಸಾವಿರ ವರ್ಷ ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಅದೇ ಅದಿರಿನ ಪ್ರಶ್ನೆಯ ಹುಡುಗಿ ತನ್ನ ಜಡೆಯಿಂದ ಒಂದು ಕೂದಲು ಕಿತ್ತು ಸೆಲ್ಲೋಟೇಪಿನಲ್ಲಿ ಅಂಟಿಸಿದಳು. ಕೂದಲಿನ ದಪ್ಪ ಸುಮಾರಾಗಿ ಅಷ್ಟೇ.

ಹಗ್ಗ ಈಗ ಆಟದ ಸಾಮಾನಿನ ಕೋಣೆಯಲ್ಲಿರುತ್ತದೆ. ಹೋದ ವರ್ಷ ಕ್ರೀಡಾಕೂಟದ ದಿನ ಯಾರೋ ತೆಗೆದು ಹಗ್ಗಜಗ್ಗಾಟ ಆಡಿಸಿಬಿಟ್ಟರು. ಈ ಜೂನಿನಲ್ಲಿ ಅಳೆದರೆ 46 ಮೀಟರ್ 10. ಹತ್ತನೆಯವರು ಚಿಂದಿಯೆಲ್ಲ ಬಿಚ್ಚಿ, ಟೇಪು ಹಿಡಿದು, ಕಂಬದ ಕಡೆಯಿಂದ ಕತ್ತರಿಸಿ ಮತ್ತೆ ಕಟ್ಟಿದ್ದಾರೆ. ಅಡುಗೆ ಕೋಣೆ ಕಡೆ ಕತ್ತರಿಸಲು ಯಾರೂ ಬಿಡಲಿಲ್ಲ, ಅಲ್ಲಿ ಕೂದಲಿದೆ.