ಕಥೆ ಓದಿಕೊಂಡು ಗುಡಿಗೆ ಹೋಗಿ

ಏಷ್ಯಾದ ಹಳೇ ಗುಡಿಗಳನ್ನು ನೋಡಲು ಹೊರಟವರು ಮೊದಲು ಟಿಕೆಟ್, ಹೋಟೆಲ್ ಬುಕ್ ಮಾಡುತ್ತಾರೆ. ಕಥೆಯನ್ನು ಗೈಡ್ ಹೇಳುತ್ತಾನೆ ಬಿಡಿ ಅಂತ ಸುಮ್ಮನಿರುತ್ತಾರೆ. ನೀವು ಉಲ್ಟಾ ಮಾಡಿ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಹೋಗಬೇಕು ಅನ್ನೋದು ಎಷ್ಟೋ ಸಲ ಕಥೆಯಿಂದಲೇ ಗೊತ್ತಾಗುತ್ತದೆ.

ಜಾವಾದ ಪ್ರಂಬನಾನ್ ನೋಡಿ, 9ನೇ ಶತಮಾನದ್ದು. ಬಂಡುಂಗ್ ಬೊಂಡೊವೊಸೊ ಎಂಬುವನು ರೊರೊ ಜೊಂಗ್ರಾಂಗ್ ಎಂಬ ರಾಜಕುಮಾರಿಯನ್ನು ಮದುವೆಯಾಗು ಎಂದು ಕಾಡಿದ. ಒಂದೇ ರಾತ್ರಿಯಲ್ಲಿ ಸಾವಿರ ಗುಡಿ ಕಟ್ಟು, ಆಗ ನೋಡೋಣ ಎಂದಳು. ದೆವ್ವಗಳನ್ನು ಕೆಲಸಕ್ಕೆ ಹಚ್ಚಿ ಅವನು ಇನ್ನೇನು ಮುಗಿಸಿಯೇಬಿಡುತ್ತಾನೆ ಎನ್ನುವಾಗ ಅವಳು ಹೆಂಗಸರನ್ನೆಲ್ಲ ಎಬ್ಬಿಸಿ ಭತ್ತ ಕುಟ್ಟಿಸಿ, ಪೂರ್ವದ ಕಡೆ ಬೆಂಕಿ ಹಾಕಿಸಿದಳು. ಬೆಳಗಾಯಿತು ಅಂತ ಕೋಳಿ ಕೂಗಿತು, ದೆವ್ವಗಳು ಓಟ ಕಿತ್ತವು. ಸಿಟ್ಟಿನಲ್ಲಿ ಅವನು ಅವಳನ್ನೇ ಕಲ್ಲಾಗಿಸಿದ. ಶಿವನ ಗುಡಿಯ ಉತ್ತರದ ಕೋಣೆಯಲ್ಲಿರುವ ದುರ್ಗೆಯೇ ಆ ಹುಡುಗಿ ಎಂದು ಅಲ್ಲಿನವರು ಹೇಳುತ್ತಾರೆ. ಕಥೆ ಗೊತ್ತಿಲ್ಲದವರು ಪೂರ್ವದ ಬಾಗಿಲಲ್ಲಿ ಶಿವನನ್ನು ನೋಡಿ ಇಳಿದುಬಿಡುತ್ತಾರೆ. ನೀವು ಸುತ್ತು ಹಾಕಿ ಉತ್ತರಕ್ಕೆ ಹೋಗಿ.

ಕಾಂಬೋಡಿಯಾದ ಅಂಕೋರ್ ವಾಟ್‌ನಲ್ಲೂ ಇದೇ ಉಪಾಯ. ಸೂರ್ಯೋದಯಕ್ಕೆ ಎಲ್ಲರೂ ಪಶ್ಚಿಮದ ಕೊಳದ ಹತ್ತಿರ ಫೋಟೋಗೆ ನೂಕಾಡುತ್ತಾರೆ. ನಮಗೆ ಚೆನ್ನಾಗಿ ಗೊತ್ತಿರುವ ಸಮುದ್ರಮಥನದ ಕೆತ್ತನೆ ಇರುವುದು ಪೂರ್ವದ ಗೋಡೆಯ ದಕ್ಷಿಣ ಭಾಗದಲ್ಲಿ, ಸುಮಾರು 49 ಮೀಟರ್ ಉದ್ದಕ್ಕೆ. ಬೆಳಗಿನ ಬಿಸಿಲು ಬೀಳುವುದೂ ಆ ಕಡೆಗೇ ಅಲ್ವಾ, ಹಾಗಾಗಿ ಜನ ಕೊಳದ ಬಳಿ ಇರುವಾಗಲೇ ಹಿಂದಕ್ಕೆ ಹೋಗಿ, ಹಾವಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನಡೆಯಿರಿ. ತುತ್ತತುದಿಯ ಅಂತಸ್ತಿಗೆ ಹತ್ತಬೇಕಿದ್ದರೆ ಭುಜ, ಮೊಣಕಾಲು ಮುಚ್ಚಿರಬೇಕು. ಶಾಲು ಹೊದ್ದರೆ ಸಾಲದು, ತೋಳಿನ ಅಂಗಿಯನ್ನೇ ಹಾಕಿಕೊಳ್ಳಿ.

ಬಾಲಿಯ ತನಾಹ್ ಲಾಟ್ ಸಮುದ್ರದ ಬಂಡೆಯ ಮೇಲಿದೆ. ನಿರರ್ಥ ಎಂಬ ಸಂತರ ಸೊಂಟದ ಪಟ್ಟಿಯೇ ಹಾವಾಗಿ ಅದನ್ನು ಕಾಯುತ್ತಿದೆ ಎಂಬ ನಂಬಿಕೆ. ನೀರು ಇಳಿದಾಗ ಮಾತ್ರ ಬಂಡೆಯ ಬುಡದವರೆಗೆ ನಡೆಯಬಹುದು, ಆದ್ದರಿಂದ ಉಬ್ಬರ ಇಳಿತದ ವೇಳೆ ನೋಡಿಕೊಂಡೇ ಹೊರಡಿ. ಇಡೀ ದ್ವೀಪ ಮೌನ ಪಾಲಿಸುವ ನ್ಯೆಪಿ ಹಬ್ಬದ ದಿನ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಬಾಲಿಯ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ.

ಶ್ರೀಲಂಕಾದಲ್ಲಿ ಬುದ್ಧನ ಮೂರ್ತಿಗೆ ಬೆನ್ನು ತೋರಿಸಿ ಸೆಲ್ಫಿ ತೆಗೆಯಬೇಡಿ, ಅದು ಅವಮಾನ. ಶ್ರೀಪಾದ ಬೆಟ್ಟದ ತುದಿಯ ಹೆಜ್ಜೆಗುರುತನ್ನು ಬೌದ್ಧರು ಬುದ್ಧನದು, ಹಿಂದೂಗಳು ಶಿವನದು, ಮುಸ್ಲಿಮರು ಆದಮನದು ಎನ್ನುತ್ತಾರೆ. ಯಾತ್ರೆಯ ಕಾಲ ಡಿಸೆಂಬರ್‌ನಿಂದ ಮೇ. ಹುಣ್ಣಿಮೆಗೆ ಜನ ಜಾಸ್ತಿ.

ಜಪಾನಿನ ಇಸೆ ಗುಡಿಗೆ ಮಾತ್ರ ಬೇರೆ ತಯಾರಿ ಬೇಕು. ಸೂರ್ಯದೇವತೆ ಅಮಾತೆರಾಸುವಿನ ಕನ್ನಡಿ ಅಲ್ಲಿದೆ ಎಂಬ ಕಥೆ ಓದಿ ಹೋದರೂ ಅದನ್ನು ನೋಡಲಾಗುವುದಿಲ್ಲ, ಬೇಲಿಯ ಹೊರಗೇ ನಿಲ್ಲಬೇಕು. ಹಳೇ ಕಟ್ಟಡವನ್ನೂ ಹುಡುಕಬೇಡಿ: 20 ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದಾಗಿ ಕಟ್ಟುತ್ತಾರೆ. ಹಿಂದಿನದು 2013ರಲ್ಲಿ ಆಯಿತು, ಮುಂದಿನದು 2033ಕ್ಕೆ.