ತೊಂಬತ್ತು ಸೆಕೆಂಡಿನ ದೋಸೆ, ಒಂದೇ ಒಂದು ಫ್ಲ್ಯಾಶು

ಕಾವಲಿಯಿಂದ ಎದ್ದ ದೋಸೆಗೆ ಆಯುಸ್ಸು 90 ಸೆಕೆಂಡು. ಅಷ್ಟರೊಳಗೆ ಫೋಟೊ ತೆಗೆದರೆ ದೋಸೆ, ಆಮೇಲೆ ತೆಗೆದದ್ದು ಒದ್ದೆ ರಟ್ಟು. "ಬಿಸಿ ತಿಂಡಿ ನಿಲ್ಲೋಲ್ಲ, ಹೋಟೆಲ್ ಅಡುಗೆಮನೆಯಲ್ಲಿ ಪಬ್ಲಿಸಿಟಿ ಫೋಟೊ ಆಗೋಲ್ಲ, ಮೂರು ಲೈಟಾದರೂ ಬೇಕು" ಅಂದವರು ಮೈಸೂರಿನಲ್ಲಿ ಕಡಿಮೆ ಇಲ್ಲ. ಅಂಥದ್ದೇ ಅಡುಗೆಮನೆಯ ಮೂಲೆಯಲ್ಲಿ, ಒಂದೇ ಫ್ಲ್ಯಾಶಿನಲ್ಲಿ ನಾನು ತೆಗೆದ ಬೆಣ್ಣೆ ದೋಸೆ ಈಗ 10 ಅಡಿ ಬೋರ್ಡಾಗಿ ನಿಂತಿದೆ. ಅದೇ ಫೈಲು ಪತ್ರಿಕೆಯ ಪುಟಕ್ಕೂ ಹೋಯಿತು. ಅಂದವರೇ ಈಗ "ಬಟರ್ ಪೇಪರ್ ಎಷ್ಟು ದೂರ ಇಡ್ತೀರಿ ಸಾರ್?" ಅಂತ ಕೇಳುತ್ತಿದ್ದಾರೆ. ಕ್ಯಾಮೆರಾ ಹಿಡಿಯುವುದು ನಿಮಗೆ ಗೊತ್ತು, ಅದನ್ನು ಬಿಟ್ಟು ಉಳಿದದ್ದು ಇಲ್ಲಿದೆ.

ಮೊದಲು ಕೆಟ್ಟ ಲೆಕ್ಕ. ಎರಡು ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗೆ ಮಾಡುವ ಬಟ್ಟೆ ಡಬ್ಬಿ) ಬಾಡಿಗೆಗೆ ತಂದು ಎಡಕ್ಕೊಂದು ಬಲಕ್ಕೊಂದು ಇಟ್ಟರೆ ದಿನದ ಬಾಡಿಗೆ ದುಡ್ಡು ಹೋಗುತ್ತದೆ, ಬರುವುದು ಪಾಸ್‌ಪೋರ್ಟ್ ಫೋಟೊ. ಎರಡೂ ಕಡೆಯಿಂದ ಒಂದೇ ಸಮ ಬೆಳಕು ಬಿದ್ದರೆ ದೋಸೆಯ ಮೇಲಿನ ಸಣ್ಣ ತೂತುಗಳಿಗೆ ನೆರಳೇ ಇರುವುದಿಲ್ಲ, ನೆರಳಿಲ್ಲದ ತೂತು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಹ್ಯಾಲೋಜನ್. 1000 ವ್ಯಾಟಿನ ದೀಪದ ಕೆಳಗೆ ಬೆಣ್ಣೆ ಇಟ್ಟು ಫೋಕಸ್ ಸರಿಮಾಡುವಷ್ಟರಲ್ಲಿ ಬೆಣ್ಣೆ ತುಪ್ಪವಾಗಿರುತ್ತದೆ. ಗ್ಲಿಸರಿನ್ ಬಳಿದ ದೋಸೆ ಮೂರು ತಾಸು ಹೊಳೆಯುತ್ತದೆ ನಿಜ, ಆದರೆ ಅದು ರೆಕ್ಸಿನ್ ಹೊಳಪು. ದಿನಾ ದೋಸೆ ತಿನ್ನುವ ಊರಿನವರಿಗೆ ಅದು ಗೊತ್ತಾಗುತ್ತದೆ. ಬೇರೆ ಊರಿನ ಕಣ್ಣಿಗೆ ಮೋಸ ಮಾಡಬಹುದು, ಮೈಸೂರಿನ ಅಗ್ರಹಾರದ ಕಣ್ಣಿಗೆ ಆಗುವುದಿಲ್ಲ.

ಈಗಿನ ಸಾಮಾನು ಇಷ್ಟೇ. ರೇಡಿಯೊ ಟ್ರಿಗರ್ (ತಂತಿಯಿಲ್ಲದೆ ದೂರದಿಂದ ಹೊಡೆಸುವ ಗುಂಡಿ) ಇರುವ ಒಂದು ಮಾಮೂಲಿ ಫ್ಲ್ಯಾಶು. ಎರಡಡಿ ಮೂರಡಿಯ ಮರದ ರೀಪರ್ ಫ್ರೇಮಿಗೆ ಬಿಗಿಯಾಗಿ ಅಂಟಿಸಿದ ಬಟರ್ ಪೇಪರ್, ಬೆಳಕು ಮೆತ್ತಗಾಗಲು. ಎರಡು ಥರ್ಮಾಕೋಲ್ ತುಂಡು, ಎರಡು ಕರಿ ಡ್ರಾಯಿಂಗ್ ಹಾಳೆ. ಫ್ಲ್ಯಾಶು ಬಿಟ್ಟು ಉಳಿದದ್ದಕ್ಕೆ ಎಲ್ಲಾ ಸೇರಿ 400 ರೂಪಾಯಿ ದಾಟಿದ ನೆನಪಿಲ್ಲ. ಥರ್ಮಾಕೋಲ್ ಆಟೊದಲ್ಲಿ ಮುರಿಯುತ್ತದೆ, ಅದಕ್ಕೆ ಅರ್ಧಕ್ಕೆ ಕೊಯ್ದು ಹಿಂದೆ ಟೇಪು ಹಾಕಿ ಪುಸ್ತಕದ ಹಾಗೆ ಮಡಚಿಕೊಳ್ಳಿ. ಹಾಗೆ ಮಡಚಿದ್ದು ತಾನಾಗೇ ನಿಲ್ಲುತ್ತದೆ, ಸ್ಟ್ಯಾಂಡಿನ ದುಡ್ಡೂ ಉಳಿಯಿತು.

ತಟ್ಟೆಯನ್ನು ಗಡಿಯಾರ ಅಂದುಕೊಳ್ಳಿ, ನೀವು 6ರಲ್ಲಿ ನಿಂತಿದ್ದೀರಿ. ಫ್ರೇಮು 11 ಗಂಟೆಯ ಕಡೆ, ತಟ್ಟೆಯಿಂದ ಒಂದೂವರೆ ಅಡಿ. ಫ್ಲ್ಯಾಶು ಫ್ರೇಮಿನ ಹಿಂದೆ ಎರಡೂವರೆ ಅಡಿ. ಇಲ್ಲೇ ಬಹಳ ಜನ ತಪ್ಪುವುದು: ಫ್ಲ್ಯಾಶನ್ನು ಪೇಪರಿಗೆ ಅಂಟಿಸಿದ ಹಾಗೆ ಇಡುತ್ತಾರೆ, ಪೇಪರಿನ ನಡುವೆ ಒಂದು ಗೇಣು ಮಾತ್ರ ಬೆಳಗುತ್ತದೆ, ನೆರಳು ಕತ್ತಿಯಲ್ಲಿ ಕೊಯ್ದ ಹಾಗೆ ಬೀಳುತ್ತದೆ. ಪೇಪರು ಅಂಚಿನಿಂದ ಅಂಚಿಗೆ ಬೆಳಗಬೇಕು. ಥರ್ಮಾಕೋಲ್ 4 ಗಂಟೆಯಲ್ಲಿ, ಒಂದಡಿ ದೂರ, ನೆರಳಿನ ಕಡೆಗೆ ಬೆಳಕು ತಿರುಗಿಸಲು. ಕರಿ ಹಾಳೆ 8ರ ಕಡೆ, ದೋಸೆಯ ಅಂಚು ತೆಳ್ಳಗೆ ಕಪ್ಪಾಗಿ ಎದ್ದು ಬರುವುದು ಅದರಿಂದ. ಫ್ಲ್ಯಾಶು 1/8 ಪವರ್, ಐಎಸ್‌ಒ 200, ಎಫ್ 8, ಶಟರ್ 1/160. ನಿಮ್ಮ ಪೇಪರು ದಪ್ಪ ಇದ್ದರೆ 1/4 ಬೇಕಾದೀತು.

ಅಡುಗೆಮನೆಯ ಟ್ಯೂಬ್‌ಲೈಟಿನ ಹಸಿರು ಚಿತ್ರಕ್ಕೆ ಸೇರುತ್ತದೆ ಅನ್ನುವ ಭಯ ಎಲ್ಲರಿಗೂ. ಫ್ಲ್ಯಾಶು ಆಫ್ ಮಾಡಿ ಅದೇ ಸೆಟ್ಟಿಂಗಿನಲ್ಲಿ ಒಂದು ಫ್ರೇಮು ಹೊಡೆಯಿರಿ. ಪರದೆ ಪೂರ್ತಿ ಕಪ್ಪು ಬಂದರೆ ಟ್ಯೂಬಿನ ಬೆಳಕು ಲೆಕ್ಕಕ್ಕಿಲ್ಲ. ಏನಾದರೂ ಕಂಡರೆ ಮಾತ್ರ ಲೈಟು ಆರಿಸಿ ಅಂತ ಕೇಳಿ. ಹೊತ್ತಿಲ್ಲದ ಹೊತ್ತಲ್ಲಿ ಲೈಟು ಆರಿಸಿದರೆ ಭಟ್ಟರಿಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಹುಯ್ದ ದೋಸೆ ದುಂಡಗಿರುವುದಿಲ್ಲ.

ಇದೆಲ್ಲ ಮುಗಿಯುವವರೆಗೆ ಮೇಜಿನ ಮೇಲೆ ಇರುವುದು ಬೆಳಿಗ್ಗೆಯ ಆರಿದ ದೋಸೆ. ಅದು ಡಮ್ಮಿ. ಅದರ ಮೇಲೆಯೇ ಫೋಕಸ್, ಗ್ರೇ ಕಾರ್ಡು (ಬಣ್ಣ ಸರಿಮಾಡಿಕೊಳ್ಳುವ ಬೂದು ರಟ್ಟು), ಚಟ್ನಿ ಬಟ್ಟಲಿನ ಜಾಗ, ಎಲ್ಲವೂ. ತಟ್ಟೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಡಮ್ಮಿ ಎತ್ತಿ, ಆಮೇಲೆ "ಭಟ್ರೇ, ಹುಯ್ರಿ" ಅನ್ನಿ. ಫ್ಯಾನು ಎರಡು ನಿಮಿಷ ನಿಲ್ಲಿಸಿ.

ದೋಸೆ ಮೆತ್ತಗಾಗುವುದು ಮೇಲಿನಿಂದಲ್ಲ, ಕೆಳಗಿನಿಂದ. ತಟ್ಟೆ ತಣ್ಣಗಿದ್ದರೆ ದೋಸೆಯ ಹಬೆ ಅಡಿಯಲ್ಲೇ ನೀರಾಗಿ ಕೂರುತ್ತದೆ. ಬಾಳೆಎಲೆ ತುಂಡಿನ ಮೇಲೆ ನಾಲ್ಕು ಕಡ್ಡಿ ಅಡ್ಡ ಇಟ್ಟು ಅದರ ಮೇಲೆ ದೋಸೆ ಇಟ್ಟರೆ ಗಾಳಿ ಆಡುತ್ತದೆ, 30 ಸೆಕೆಂಡು ಹೆಚ್ಚಿಗೆ ಸಿಗುತ್ತದೆ. ಬೆಣ್ಣೆಯನ್ನು ಐಸ್ ನೀರಲ್ಲಿ ಬಿಟ್ಟಿರಿ, ಚಾಕುವಿನಲ್ಲಿ ಕೊಯ್ಯಬೇಡಿ, ಬೆರಳಲ್ಲಿ ಮುರಿದ ಬೆಣ್ಣೆಯೇ ಚೆಂದ. 10ನೇ ಸೆಕೆಂಡಿಗೆ ಬೆಣ್ಣೆ ಇಲ್ಲದೆ ಮೂರು ಫ್ರೇಮು. 15ಕ್ಕೆ ಬೆಣ್ಣೆ. 40ರಿಂದ 60ರವರೆಗೆ ಬೆಣ್ಣೆಯ ಅಂಚು ಕರಗಿ ನಡುವೆ ಗಟ್ಟಿ ಇರುತ್ತದೆ, ನಿಮ್ಮ ಚಿತ್ರ ಅಲ್ಲಿದೆ. ಫೋಕಸು ಬೆಣ್ಣೆಯ ಹತ್ತಿರದ ಅಂಚಿಗೆ. 90 ದಾಟಿದರೆ ಎಣ್ಣೆಯ ಕೆರೆ. ಒಂದು ಚಿತ್ರಕ್ಕೆ ನಾಲ್ಕು ದೋಸೆ ಲೆಕ್ಕ ಇಟ್ಟುಕೊಂಡು ಯಜಮಾನರಿಗೆ ಮೊದಲೇ ಹೇಳಿಬಿಡಿ. ಗಲ್ಲಾದಲ್ಲಿ ಕೂತವರಿಗೆ ನಾಲ್ಕನೇ ದೋಸೆ ಹೊತ್ತಿಗೆ ಮುಖ ಕೆಡುತ್ತದೆ.

ತೆಂಗಿನಕಾಯಿ ಚಟ್ನಿ ಹತ್ತು ನಿಮಿಷಕ್ಕೆ ನೀರು ಬಿಡುತ್ತದೆ. ಫೋಟೊ ಚಟ್ನಿಗೆ ಹುರಿಗಡಲೆ ಒಂದು ಹಿಡಿ ಹೆಚ್ಚು, ನೀರು ಅರ್ಧ. ಸಾಗು ಬಟ್ಟಲಲ್ಲಿ ತರಕಾರಿ ಮುಳುಗದಿರಲು ಅಡಿಗೆ ಒಂದು ಸಣ್ಣ ಬಟ್ಟಲು ಬೋರಲು ಹಾಕಿ. ಇವು ಎಲ್ಲರಿಗೂ ಗೊತ್ತಿರುವ ಕೈಚಳಕ.

ಹಬೆಯ ವಿಷಯಕ್ಕೆ ಬಹಳ ದಿನ ಹೋಯಿತು. ಹಬೆ ಕಾಣಬೇಕಾದರೆ ಹಿಂದಿನಿಂದ ಬೆಳಕು, ಅದರ ಹಿಂದೆ ಕಪ್ಪು, ಇವೆರಡೇ. ಫ್ಲ್ಯಾಶಿನಲ್ಲಿ ಹಬೆ ಎಳೆ ಎಳೆಯಾಗಿ ಹೆಪ್ಪುಗಟ್ಟಿದ ಹಾಗೆ ಬರುತ್ತದೆ, ಕಿಟಕಿ ಬೆಳಕಿನಲ್ಲಿ 1/30 ಕೊಟ್ಟರೆ ಮಂಜಿನ ಹಾಗೆ ಮೆತ್ತಗೆ. ಇಡ್ಲಿಗೆ ಎರಡನೆಯದೇ ಸರಿ. ಡಿಸೆಂಬರ್ ಬೆಳಗಿನಲ್ಲಿ ಹಬೆ ತಾನಾಗೇ ಕಾಣುತ್ತದೆ, ಏಪ್ರಿಲ್ ಮಧ್ಯಾಹ್ನ ಕುದಿಯುವ ಸಾರಿನ ಹಬೆಯೂ ಸರಿಯಾಗಿ ಕಾಣದು, ಯಾಕೆಂದರೆ ಬಿಸಿ ಗಾಳಿಯಲ್ಲಿ ಅದು ಹನಿಗಟ್ಟುವುದೇ ಕಷ್ಟ. ಆಗ ಅಗರಬತ್ತಿ ಹಚ್ಚಿ ನೋಡಿದ್ದಾಯಿತು. ಊರೆಲ್ಲ ಅಗರಬತ್ತಿ ಮಾಡುವ ಮೈಸೂರಿನಲ್ಲಿ ಇದು ಸುಲಭದ ಉಪಾಯ ಅನ್ನಿಸೀತು. ಆಗುವುದಿಲ್ಲ. ಅಗರಬತ್ತಿ ಹೊಗೆಯ ಕಣ ಬಹಳ ಸಣ್ಣದು, ಕಪ್ಪಿನ ಮೇಲೆ ನೀಲಿಯಾಗಿ ಕಾಣುತ್ತದೆ, ನೆಟ್ಟಗೆ ದಾರದ ಹಾಗೆ ಏಳುತ್ತದೆ. ಹಬೆ ಬೆಳ್ಳಗೆ, ಅಗಲವಾಗಿ ಏಳುತ್ತದೆ. ಚಿತ್ರ ನೋಡಿದವರು ಇಡ್ಲಿಗೆ ಪೂಜೆ ಆಗುತ್ತಿದೆಯಾ ಅಂತ ಕೇಳುತ್ತಾರೆ. ಮೇಲಿಂದ ಚಟ್ನಿಗೆ ಗಂಧದ ವಾಸನೆ. ಬಟ್ಟೆ ಇಸ್ತ್ರಿ ಮಾಡುವ ಸ್ಟೀಮರನ್ನು ತಟ್ಟೆಯ ಹಿಂದೆ ಅಡ್ಡ ಹಿಡಿದದ್ದು ಕೆಲಸ ಮಾಡಿತು, ಆದರೆ ಕೊತ್ತಂಬರಿ ಸೊಪ್ಪು ಬಾಡಿಹೋಯಿತು. ಈಗ ಮಾಡುವುದು ಬೇರೆ, ಅದಕ್ಕೆ ಖರ್ಚು 20 ರೂಪಾಯಿ. ಅದೊಂದನ್ನು ಹೇಳುವುದಿಲ್ಲ, ಹೊಟ್ಟೆಪಾಡು.

ಬಾಳೆಎಲೆ ಊಟದ ಚಿತ್ರ ದೋಸೆಗಿಂತ ಕಷ್ಟ. ಎಲೆಯ ಹಸಿರು ಅನ್ನಕ್ಕೆ ಬಳಿಯುತ್ತದೆ. ಕಣ್ಣಿಗೆ ಕಾಣದು, ಫೈಲಿನಲ್ಲಿ ಮಾತ್ರ ಅನ್ನದ ಬುಡ ಪಾಚಿ ಕಟ್ಟಿದ ಹಾಗಿರುತ್ತದೆ. ಅನ್ನವನ್ನು ಹರಡದೆ ಎರಡು ಅಂಗುಲ ಎತ್ತರಕ್ಕೆ ಗುಡ್ಡೆ ಹಾಕಿ, ಥರ್ಮಾಕೋಲನ್ನು ಇನ್ನೂ ಅರ್ಧ ಅಡಿ ಹತ್ತಿರ ತಂದರೆ ಮುಕ್ಕಾಲು ಪಾಲು ಹೋಗುತ್ತದೆ. ಉಳಿದದ್ದನ್ನು ಎಡಿಟಿಂಗಿನಲ್ಲಿ ಅನ್ನವನ್ನಷ್ಟೇ ಆರಿಸಿಕೊಂಡು ಹಸಿರು ಇಳಿಸಿ. ಇಡೀ ಚಿತ್ರದ ಹಸಿರು ಇಳಿಸಿದರೆ ಎಲೆ ಒಣಗಿದ ಮುತ್ತುಗದೆಲೆಯಾಗುತ್ತದೆ. ಎರಡನೇ ತೊಂದರೆ ಹೊಳಪು. 11 ಗಂಟೆಯ ಬೆಳಕು ಎಲೆಯ ಮೇಲೆ ಬಿಳಿ ತೇಪೆ ಹಾಕುತ್ತದೆ, ಇದಕ್ಕೆ ಬೆಳಕನ್ನು 9ಕ್ಕೆ ಸರಿಸಬೇಕು. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಒಂದೂವರೆ ಸ್ಟಾಪು (ಒಂದು ಸ್ಟಾಪು ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ) ಬೆಳಕು ನುಂಗುತ್ತದೆ, ಪೂರ್ತಿ ತಿರುಗಿಸಿದರೆ ಸಾರಿನ ಹೊಳಪೂ ಸತ್ತು ಕೆಸರಾಗುತ್ತದೆ. ಅರ್ಧ ತಿರುಗಿಸಿ ಬಿಡಿ. ಸ್ಟೀಲ್ ಲೋಟದ ಹೊಳಪಿಗೆ ಪೋಲರೈಸರ್ ಏನೂ ಮಾಡದು, ಲೋಹದ ಪ್ರತಿಫಲನ ಅದಕ್ಕೆ ಬಗ್ಗುವುದಿಲ್ಲ. ಅಲ್ಲಿ ಕರಿ ಹಾಳೆಯೇ ಗತಿ, ಇಲ್ಲದಿದ್ದರೆ ಲೋಟದಲ್ಲಿ ನಿಮ್ಮ ಹೊಟ್ಟೆ ಕಾಣುತ್ತದೆ.

ಪತ್ರಿಕೆಗೆ ಕೊಡುವ ಎಲೆ ಚಿತ್ರಕ್ಕೆ ಒಂದು ಎಚ್ಚರಿಕೆ. ಎಲೆಯ ತುದಿ ಊಟಕ್ಕೆ ಕೂತವರ ಎಡಕ್ಕೆ, ಉಪ್ಪು ಎಡ ಮೂಲೆಗೆ. ಹೆಡ್ಡಿಂಗಿಗೆ ಜಾಗ ಬೇಕೆಂದು ಪುಟ ಕಟ್ಟುವವರು ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸುತ್ತಾರೆ, ತುದಿ ಬಲಕ್ಕೆ ಬರುತ್ತದೆ. ಬೈಗುಳ ಬರುವುದು ಫೋಟೊಗ್ರಾಫರಿಗೆ. ಅದಕ್ಕೇ ಮೊದಲೇ ಎಡಕ್ಕೊಂದು ಬಲಕ್ಕೊಂದು ಖಾಲಿ ಜಾಗ ಬಿಟ್ಟು ಎರಡು ಫ್ರೇಮು ಕೊಡಿ.

ಮಂಡ್ಯ ಕಡೆ ಕೆಲಸ ಅಂದರೆ ಮುದ್ದೆ. ಕ್ಯಾಮೆರಾ ಮೀಟರಿಗೆ ಮುದ್ದೆ ಅರ್ಥವಾಗುವುದಿಲ್ಲ. ಕಪ್ಪು ಕಂಡರೆ ಬೆಳಕು ಸಾಲದು ಅಂದುಕೊಂಡು ಬೆಳ್ಳಗೆ ಮಾಡುತ್ತದೆ, ರಾಗಿ ಬೂದಿಯಾಗುತ್ತದೆ. ಮ್ಯಾನುಯಲ್ ಇಡಿ, ಇಲ್ಲ ಮೀಟರಿಗಿಂತ ಮುಕ್ಕಾಲು ಸ್ಟಾಪು ಕೆಳಗೆ ಹೋಗಿ. ಕೋಲಿನಿಂದ ತಿರುವಿ, ಒದ್ದೆ ಕೈಯಲ್ಲಿ ಕಟ್ಟಿದ ಮುದ್ದೆಗೆ ನೀರಿನ ಸಣ್ಣ ಚುರುಕು ಹೊಳಪು ಇರುತ್ತದೆ, ಎರಡು ನಿಮಿಷಕ್ಕೆ ಆರಿ ತೊಗಲು ಕಟ್ಟಿ ಬಿರುಕು ಬಿಡುತ್ತದೆ. ತುಪ್ಪ ಸವರಿದರೆ ಹೊಳಪು ಅರ್ಧ ಗಂಟೆ ನಿಲ್ಲುತ್ತದೆ, ಆದರೆ ಚಾಕೊಲೇಟ್ ಉಂಡೆ. ಮಂಡ್ಯದವರು ಒಂದೇ ನೋಟಕ್ಕೆ "ಇದು ಮುದ್ದೆ ಅಲ್ಲ ಕಣಣ್ಣ" ಅಂತಾರೆ. ನೀರಿನ ಕೈಯೇ ಸರಿ, ಎರಡು ನಿಮಿಷಕ್ಕೊಮ್ಮೆ ಒದ್ದೆ ಅಂಗೈಯಲ್ಲಿ ಸವರಬೇಕು. ಪಕ್ಕಕ್ಕೆ ಉಪ್ಸಾರು ಇದ್ದರೆ ಖಾರದ ಕೆಂಪು ಉಂಡೆ ಮುದ್ದೆಯ ನೆರಳಲ್ಲಿ ಕೂರದಂತೆ ನೋಡಿಕೊಳ್ಳಿ, ಆ ಚಿತ್ರದಲ್ಲಿ ಬಣ್ಣ ಅಂತ ಇರುವುದು ಅದೊಂದೇ. ನಾಟಿ ಕೋಳಿ ಸಾರಿನ ಮೇಲೆ ಎಣ್ಣೆ ತೇಲುವುದು ಹಿಂದಕ್ಕೆ ಸರಿಯದಂತೆ ನಿಲ್ಲಿಸುವ ಇನ್ನೊಂದು ಉಪಾಯ ಇದೆ, ಅದೂ ಬೇಡ ಈಗ.

ಮೈಸೂರುಪಾಕಿನಲ್ಲಿ ಎರಡು ಜಾತಿ. ತೂತಿನ ಗಟ್ಟಿ ಪಾಕಿಗೆ ಬೆಳಕು ಮೇಜಿಗೆ ಸವರಿಕೊಂಡ ಹಾಗೆ, ಅಂಗೈ ಎತ್ತರದಿಂದ ಬರಬೇಕು. ಚಾಕುವಿನಲ್ಲಿ ಕೊಯ್ದರೆ ತೂತು ಮುಚ್ಚಿಕೊಳ್ಳುತ್ತದೆ, ಕೈಯಲ್ಲಿ ಮುರಿಯಿರಿ. ನಡುವಿನ ಕೆಂಪು ಪಟ್ಟಿ ಕಾಣಲೇಬೇಕು, ಒಳಗೆ ಬಿಸಿ ಉಳಿದು ಬೆಂದದ್ದರ ಗುರುತು ಅದು. ತುಪ್ಪದ ಮೆತ್ತನೆ ಪಾಕಿಗೆ ಚಳಿಗಾಲದ ಬೆಳಿಗ್ಗೆ ಬಿಳಿ ತೊಗಲು ಬರುತ್ತದೆ, ಹೇರ್ ಡ್ರೈಯರ್ ನಾಲ್ಕು ಸೆಕೆಂಡು, ಐದು ಎಣಿಸಿದರೆ ಕರಗಿತು. ಮದ್ದೂರು ವಡೆಗೂ ಮುರಿದ ಅಂಚೇ ಮುಖ, ಒಳಗಿನ ಈರುಳ್ಳಿ ಕಾಣಬೇಕು.

ಬೆಲ್ಲ ಮಾಡುವ ಆಲೆಮನೆಯೊಳಗೆ ಕ್ಯಾಮೆರಾ ಒಯ್ದರೆ ಲೆನ್ಸು ಮಂಜಾಗುತ್ತದೆ. ಬ್ಯಾಗಿನಲ್ಲೇ 20 ನಿಮಿಷ ಒಳಗಿಟ್ಟು ಆಮೇಲೆ ತೆರೆಯಿರಿ. ಮುಂದೆ ಫಿಲ್ಟರ್ ಇರಲೇಬೇಕು, ಕೊಪ್ಪರಿಗೆಯಿಂದ ಸಿಡಿದ ಪಾಕ ಗಾಜಿಗೆ ಅಂಟಿದರೆ ಬಿಸಿ ನೀರಿನ ಬಟ್ಟೆಯೇ ಬೇಕು. ಪಾಕ ಸುರಿಯುವುದಕ್ಕೆ 1/500. ಪ್ರಚಾರದ ಚಿತ್ರಕ್ಕೆ ಬೆಲ್ಲ ಹಳದಿ ಮಾಡಿ ಅಂತ ಕೇಳುವವರಿದ್ದಾರೆ. ಹೈಡ್ರೋಸ್ (ಬಣ್ಣ ತಿಳಿ ಮಾಡುವ ರಾಸಾಯನಿಕ) ಹಾಕದ ಬೆಲ್ಲ ಕಂದು ಬಣ್ಣದ್ದೇ, ಚಿತ್ರದಲ್ಲಿ ಹಳದಿ ಮಾಡಿದರೆ ಅವರ ಒಳ್ಳೆ ಸರಕನ್ನು ನೀವೇ ಕೆಡಿಸಿದ ಹಾಗೆ. ಗ್ರೇ ಕಾರ್ಡು ತೋರಿಸಿ ವಾದ ಮುಗಿಸಿ.

ಪ್ರಿಂಟಿನ ಲೆಕ್ಕ: 10 ಅಡಿ ಅಗಲ 4 ಅಡಿ ಎತ್ತರದ ಬೋರ್ಡಿಗೆ 72 ಡಿಪಿಐ (ಅಂಗುಲಕ್ಕೆ 72 ಚುಕ್ಕಿ) ಕೇಳಿದರೆ 8640 ಪಿಕ್ಸೆಲ್ ಅಗಲ ಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6000. ಹೆದರಬೇಡಿ, 50 ಡಿಪಿಐಗೆ ಅದು ಸರಿಹೋಗುತ್ತದೆ, ರಸ್ತೆಯ ಆಚೆಯಿಂದ ನೋಡುವವರಿಗೆ ವ್ಯತ್ಯಾಸವಿಲ್ಲ. ಸಿಹಿ ಡಬ್ಬಿಗೆ ಮಾತ್ರ 300 ಬೇಕು, ಅದು ಕೈಯಲ್ಲಿ ಹಿಡಿದು ನೋಡುವ ಚಿತ್ರ. ಸುದ್ದಿಪತ್ರಿಕೆಯ ಕಾಗದ ಮಸಿ ಕುಡಿಯುತ್ತದೆ, ಮುದ್ದೆಯ ನೆರಳನ್ನು ಮೊದಲೇ ತುಸು ಬೆಳಗಿಸಿ ಕೊಡದಿದ್ದರೆ ಇದ್ದಲಿನ ಚಿತ್ರ ಅಚ್ಚಾಗುತ್ತದೆ.

ದುಡ್ಡು. ಮೆನು ಕಾರ್ಡಿನ ಕೆಲಸಕ್ಕೆ ಒಂದು ಐಟಮಿಗೆ 400–500, ಬೋರ್ಡಿಗೆ ಹೋಗುವ ಒಂದು ಚಿತ್ರಕ್ಕೆ ಅದರ ಹತ್ತರಷ್ಟು ಕೇಳುತ್ತೇನೆ. ಅರ್ಧ ಮುಂಗಡ ಇಲ್ಲದೆ ಬ್ಯಾಗು ಬಿಚ್ಚುವುದಿಲ್ಲ. ಒಂದು ಕಡೆ ಮೂವತ್ತು ಐಟಮ್ ತೆಗೆಸಿಕೊಂಡು "ಊಟ ಹಾಕಿದ್ವಲ್ಲ ಸಾರ್" ಅಂದರು. ಇನ್ನೊಂದು ಮಾತು, ಬಿಲ್ ಬರೆಯುವ ಮುನ್ನ ತಿಳಿದಿರಲಿ: 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಅದೇ ದೋಸೆಯನ್ನು ಪತ್ರಿಕೆಗೂ ಕೊಡಬೇಕೆಂದಿದ್ದರೆ "ಸಂಪಾದಕೀಯ ಬಳಕೆಯ ಹಕ್ಕು ಫೋಟೊಗ್ರಾಫರಿಗೆ" ಅಂತ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಸಹಿ ಹಾಕುವುದು ಮೊದಲ ದೋಸೆ ಹುಯ್ಯುವ ಮುಂಚೆ, ನಾಲ್ಕನೆಯದರ ಆಮೇಲೆ ಅಲ್ಲ.

ಫಿಲ್ಟರ್ ಕಾಫಿಯ ನೊರೆ ಇನ್ನೂ ಬಗ್ಗಿಲ್ಲ. ಎರಡಡಿ ಎತ್ತರದಿಂದ ಎತ್ತಿ ಹುಯ್ದರೂ ಒಂದು ನಿಮಿಷಕ್ಕೆ ದೊಡ್ಡ ಗುಳ್ಳೆಗಳು ಒಡೆದು ಅಂಚಿಗೆ ಕಂದು ಗೆರೆ ಉಳಿಯುತ್ತದೆ. ಸೋಪಿನ ನೀರು ಹಾಕುವವರಿದ್ದಾರೆ, ಆ ನೊರೆ ಬೆಳ್ಳಗೆ ಕಾಣುತ್ತದೆ, ಕಾಫಿಯದು ಕೆನೆ ಬಣ್ಣದ್ದು. ಹಾಲಿನ ಕೊಬ್ಬು, ಬಿಸಿ ಎರಡನ್ನೂ ಬದಲಾಯಿಸಿ ನೋಡುತ್ತಿದ್ದೇನೆ. ಸದ್ಯಕ್ಕೆ ಆರು ಲೋಟ ಸಾಲಾಗಿ ಇಟ್ಟು, ಒಂದರ ಹಿಂದೆ ಒಂದು ಹುಯ್ಯಿಸಿ, ನೊರೆ ಇರುವಷ್ಟರಲ್ಲಿ ಹೊಡೆಯುವುದು. ಉಳಿದ ಐದು ಲೋಟ ಅಲ್ಲಿದ್ದವರಿಗೆ.