ಅವುಲಕೋಫೊರ ದುಂಬಿಯನ್ನು ಗುರುತಿಸುವುದು, ಹಂಚಿಕೆ ದಾಖಲಿಸುವುದು ಹೇಗೆ

ಕುಂಬಳ, ಸೌತೆ, ಹೀರೆ ಬಳ್ಳಿಯ ಮೇಲೆ 6ರಿಂದ 8 ಮಿಲಿಮೀಟರ್ ಉದ್ದದ ಕಿತ್ತಳೆ ದುಂಬಿ ಕಂಡ ಕೂಡಲೇ ‘ಅವುಲಕೋಫೊರ ಫೋವಿಕಾಲಿಸ್’ ಎಂದು ಚೀಟಿ ಬರೆದುಬಿಡುವುದು ರೂಢಿ. ಒಮ್ಮೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಅವುಲಕೋಫೊರ ಎಂಬ ಈ ಕುಲದಲ್ಲಿ ಬೆನ್ನಿನ ಬಣ್ಣದಷ್ಟು ಕೈಕೊಡುವ ಲಕ್ಷಣ ಇನ್ನೊಂದಿಲ್ಲ. ದುಂಬಿಯನ್ನು ಮಗುಚಿ ಹಾಕಿ ಹೊಟ್ಟೆ ನೋಡದೆ ಹೆಸರು ಬರೆಯಬೇಡಿ.

ಮೊದಲು ಕುಲ ಖಚಿತವಾಗಲಿ. ಎಲೆದುಂಬಿಗಳ ಕುಟುಂಬ ಕ್ರೈಸೊಮೆಲಿಡೇ, ಉಪಕುಟುಂಬ ಗ್ಯಾಲೆರೂಸಿನೇ, ಬುಡಕಟ್ಟು ಲುಪೆರಿನಿ. ಹತ್ತರಿಂದ ನಲವತ್ತು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಇದ್ದರೆ ಸಾಕು. ಕುಡಿಮೀಸೆ ದಾರದಂತೆ ಸಪೂರ, 11 ಗೆಣ್ಣು. ಎರಡರ ಬುಡವೂ ಕಣ್ಣುಗಳ ನಡುವೆ ಹತ್ತಿರ ಹತ್ತಿರ. ಹಿಂಗಾಲಿನ ತೊಡೆ ಉಬ್ಬಿದ್ದರೆ ಅದು ನೆಗೆಯುವ ಚಿಗಟದುಂಬಿ, ಬದಿಗಿಡಿ. ಆಮೇಲೆ ತಲೆಯ ಹಿಂದಿನ ಫಲಕ, ಅಂದರೆ ಪ್ರೋನೋಟಮ್. ಅದರ ಅಡ್ಡಕ್ಕೆ ನೇಗಿಲು ಹಾಯಿಸಿದಂತೆ ಆಳವಾದ ಒಂದು ಸಾಲು ಇರುತ್ತದೆ. ಗ್ರೀಕಿನಲ್ಲಿ ಅವುಲಕೋಫೊರ ಅಂದರೆ ‘ಸಾಲು ಹೊತ್ತದ್ದು’ ಎಂದೇ ಅರ್ಥ. 1836ರಲ್ಲಿ ಫ್ರೆಂಚ್ ಕೀಟತಜ್ಞ ಶೆವ್ರೊಲಾ ಕೊಟ್ಟ ಹೆಸರು. ದೀಪವನ್ನು ನೇರ ಮೇಲಿಂದ ಬಿಟ್ಟರೆ ಹೊಳಪಿನಲ್ಲಿ ಸಾಲು ಮಾಯವಾಗುತ್ತದೆ, ಓರೆಯಾಗಿ ಬಿಡಿ. ಕೊನೆಗೆ ಕಾಲುಗುರು: ಒಂದೊಂದೂ ಹಾವಿನ ನಾಲಿಗೆಯಂತೆ ಎರಡಾಗಿ ಸೀಳಿರಬೇಕು. ಆಗಾಗ ಇದರೊಡನೆ ಬೆರೆತುಹೋಗುವ ಮೊನೊಲೆಪ್ಟ ಎಂಬ ಇನ್ನೊಂದು ಕುಲದ ಎಲೆದುಂಬಿಗೆ ಆ ಅಡ್ಡಸಾಲಿಲ್ಲ. ಅದರ ಹಿಂಪಾದದ ಮೊದಲ ಗೆಣ್ಣು ಉಳಿದವನ್ನೆಲ್ಲ ಸೇರಿಸಿದರೂ ಅವಕ್ಕಿಂತ ಉದ್ದ.

ಹಿಡಿಯಲು ಬೆಳಗಿನ ತಂಪು ಹೊತ್ತೇ ಸರಿ. ಬಿಸಿಲೇರಿದರೆ ಮುಟ್ಟುವ ಮೊದಲೇ ಹಾರುತ್ತವೆ. ಒಂದು ಜಾಗದಿಂದ ಎಂಟು ಹತ್ತಾದರೂ ಬೇಕು, ಏಕೆಂದರೆ ಪ್ರಭೇದ ತೀರ್ಮಾನಕ್ಕೆ ಗಂಡು ಬೇಕೇ ಬೇಕು. ಈಥೈಲ್ ಅಸಿಟೇಟ್ ಹನಿಸಿದ ಕಾಗದವಿರುವ ಬಾಟಲಿಯಲ್ಲಿ ಕೊಲ್ಲಿ. ಡಿಎನ್‌ಎಗೆ ಬೇಕಾದ ಎರಡನ್ನು ಮಾತ್ರ ನೇರವಾಗಿ ಶೇಕಡಾ 95ರ ಎಥನಾಲ್‌ಗೆ ಹಾಕಿ. ಎಲ್ಲವನ್ನೂ ಮದ್ಯಸಾರದಲ್ಲೇ ಬಿಟ್ಟರೆ ಕಿತ್ತಳೆ ಬಣ್ಣ ಸೋರಿ ಮಾಸಲು ಹಳದಿಯಾಗುತ್ತದೆ. ಮುಂದೆ ಯಾರೋ ಅದನ್ನೇ ‘ಹಳದಿ ಪ್ರಭೇದ’ ಎಂದು ಬರೆಯುತ್ತಾರೆ. ಇಷ್ಟು ಚಿಕ್ಕ ದುಂಬಿಗೆ ಪಿನ್ ಚುಚ್ಚುವುದಕ್ಕಿಂತ ತ್ರಿಕೋನ ಕಾರ್ಡಿನ ತುದಿಯನ್ನು ಬಲ ಪಕ್ಕೆಗೆ ಅಂಟಿಸುವುದು ಒಳ್ಳೆಯದು. ಅಂಟು ಹೊಟ್ಟೆಯ ಕಡೆ ಹರಿಯದಿರಲಿ, ನೋಡಬೇಕಾದದ್ದು ಅಲ್ಲೇ ಇರುವುದು.

ಹೊಟ್ಟೆಯ ಕೊನೆಯ ಫಲಕ ನೋಡಿ. ಅದರಲ್ಲಿ ಎರಡು ಸೀಳುಗಳಿದ್ದು ನಡುವೆ ನಾಲಿಗೆಯಂಥ ತುಂಡು ಉಳಿದಿದ್ದರೆ ಗಂಡು. ಹೆಣ್ಣಿನಲ್ಲಿ ಅಂಚು ಸುಮ್ಮನೆ ಗುಂಡಗಿರಬಹುದು, ತುಸು ಕಚ್ಚು ಬಿದ್ದಿರಬಹುದು. ಕೆಲವು ಪ್ರಭೇದಗಳ ಗಂಡಿಗೆ ಮುಖದಲ್ಲಿ ಗುಳಿಯೋ ಕುಡಿಮೀಸೆಯಲ್ಲಿ ಊದಿದ ಗೆಣ್ಣೋ ಇರುತ್ತದೆ, ಅದನ್ನೂ ಬರೆದಿಡಿ. ಜನನಾಂಗ ಬಿಡಿಸುವ ಮುನ್ನ ಒಣಗಿದ ದುಂಬಿಯನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಕೊಕ್ಕೆಯಂತೆ ಬಾಗಿಸಿದ ಸಣ್ಣ ಸೂಜಿಯಿಂದ ಹಿಂಬದಿಯಿಂದ ಎಳೆಯಿರಿ. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿ ಮಾಡದೆ ಒಂದು ರಾತ್ರಿ ಬಿಟ್ಟರೆ ಮಾಂಸ ಕರಗುತ್ತದೆ. ಅವಸರಪಟ್ಟು ಕುದಿಸಿದರೆ ಜನನಾಂಗದ ಕೊಳವೆ ಗಾಜಿನಂತೆ ಪಾರದರ್ಶಕವಾಗಿ ತುದಿಯ ಆಕಾರವೇ ಕಾಣದು. ನೀರಿಗೆ ಒಂದು ಹನಿ ವಿನೆಗರ್ ಹಾಕಿ ತೊಳೆದು, ಗ್ಲಿಸರಿನ್ ಇರುವ ಪುಟ್ಟ ಶೀಶೆಯಲ್ಲಿಟ್ಟು ಅದೇ ಪಿನ್ನಿಗೆ ಸಿಕ್ಕಿಸಿ. ಬೇರೆ ಡಬ್ಬಿಗೆ ಹೋದ ಅಂಗ ಮತ್ತೆ ತನ್ನ ದುಂಬಿಯನ್ನು ಸೇರುವುದಿಲ್ಲ.

ಬಣ್ಣ ಎಲ್ಲಿ ಮೋಸ ಮಾಡುತ್ತದೆ? ಫೋವಿಕಾಲಿಸ್‌ನ ಬೆನ್ನು ಕೆಂಗಿತ್ತಳೆ, ಹೊಟ್ಟೆ ಕಪ್ಪು, ಮೇಲೆ ಬಿಳಿ ನವಿರು ರೋಮ. ಇಂಡಿಕಾ ಪ್ರಭೇದವೂ ಮೇಲಿನಿಂದ ಹೆಚ್ಚುಕಡಿಮೆ ಹೀಗೇ. ಕಪ್ಪು ರೆಕ್ಕೆ, ಕಿತ್ತಳೆ ತಲೆ ಎಂದರೆ ಲೆವಿಸಿ ಆಗಬಹುದು, ಪೂರ್ವ ಏಷ್ಯಾದ ನೈಗ್ರಿಪೆನ್ನಿಸ್ ಕೂಡ ಆಗಬಹುದು. ಕಿತ್ತಳೆಯ ಮೇಲೆ ನಾಲ್ಕು ದೊಡ್ಡ ಕಪ್ಪು ಮಚ್ಚೆ ಇರುವ ಹಿಲಾರಿಸ್ ಆಸ್ಟ್ರೇಲಿಯಾದ್ದು.

ಹಂಚಿಕೆಯ ಚೌಕಟ್ಟು ಸರಳ: ಈ ಕುಲ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳಿಗೆ ಸೇರಿದ್ದು, ಫೋವಿಕಾಲಿಸ್ ಮೆಡಿಟರೇನಿಯನ್ ತೀರದವರೆಗೂ ಚಾಚಿದೆ. ಅಮೆರಿಕ ಖಂಡಗಳಲ್ಲಿ ಕುಂಬಳದ ಬಳ್ಳಿ ತಿನ್ನುವುದು ಡಯಾಬ್ರೊಟಿಕಾ, ಅಕಾಲಿಮಾ ಎಂಬ ಬೇರೆ ಕುಲಗಳ ದುಂಬಿಗಳು. ಹಾಗಾಗಿ ಅಲ್ಲಿಂದ ಬಂದ ‘ಅವುಲಕೋಫೊರ’ ಚೀಟಿಯನ್ನು ಮೊದಲು ಅನುಮಾನಿಸಿ.

ಹಳೆಯ ದಾಖಲೆ ಹುಡುಕುವಾಗ ರಾಫಿಡೊಪಾಲ್ಪ ಎಂಬ ಕುಲದ ಹೆಸರನ್ನೂ ಹಾಕಿ, ಫೋವಿಕಾಲಿಸ್ ಬಹುಕಾಲ ಅದರಡಿ ಇತ್ತು. ಜಪಾನಿನ ಬರಹಗಳ ಫೆಮೊರಾಲಿಸ್ ಈಗ ಇಂಡಿಕಾ ಹೆಸರಿನಲ್ಲಿ ಸಿಗುತ್ತದೆ. ಇದು ಗೊತ್ತಿಲ್ಲದಿದ್ದರೆ ನಕ್ಷೆಯಲ್ಲಿ ಒಂದೇ ದುಂಬಿ ಎರಡು ಚುಕ್ಕೆಯಾಗುತ್ತದೆ.

ಚೀಟಿಯಲ್ಲಿ ಸ್ಥಳ, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಸಸ್ಯ, ಹಿಡಿದವರ ಹೆಸರು ಇರಲಿ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆದರೆ 4/7ರಲ್ಲಿ ದಿನ ಯಾವುದು, ತಿಂಗಳು ಯಾವುದು ಎಂಬ ಗೊಂದಲ ಹುಟ್ಟುವುದಿಲ್ಲ. ಅಕ್ಷಾಂಶಕ್ಕೆ ದಶಮಾಂಶದ ನಂತರ ಮೂರು ಸ್ಥಾನ ಸಾಕು, ಅಷ್ಟಕ್ಕೇ ಸುಮಾರು 110 ಮೀಟರ್ ನಿಖರತೆ ಬರುತ್ತದೆ. ಊರ ಹೆಸರಷ್ಟೇ ಇರುವ ಹಳೆಯ ಚೀಟಿಗೆ ಊರ ನಡುವಿನ ಬಿಂದು ಕೊಟ್ಟರೆ, ಎಷ್ಟು ಕಿಲೋಮೀಟರ್ ಆಚೀಚೆ ಆಗಬಹುದೆಂದು ಪಕ್ಕದಲ್ಲೇ ನಮೂದಿಸಿ.

ಸಸ್ಯದ ಕಾಲಂನಲ್ಲಿ ‘ಕುಳಿತಿತ್ತು’, ‘ತಿನ್ನುತ್ತಿತ್ತು’ ಎರಡನ್ನೂ ಬೇರೆ ಬೇರೆ ಬರೆಯಿರಿ. ಎಲೆಯ ಮೇಲೆ ದುಂಬಿ ಮೊದಲು ಉಂಗುರದಂತೆ ಕೊರೆಯುತ್ತದೆ, ಕಹಿ ರಸ ಹರಿದು ಬರುವ ದಾರಿ ಕತ್ತರಿಸಿ ಆಮೇಲೆ ಒಳಗಿನ ಭಾಗವನ್ನು ಮೇಯುತ್ತದೆ. ಎಪಿಲಾಕ್ನ ಗುಲಗಂಜಿ ದುಂಬಿಯೂ ಇಂಥದೇ ಉಂಗುರ ಬಿಡುತ್ತದಾದ್ದರಿಂದ, ದುಂಬಿ ಕೈಗೆ ಸಿಗದೆ ಬರೀ ಉಂಗುರ ನೋಡಿ ನಕ್ಷೆಗೆ ಚುಕ್ಕೆ ಇಡಬೇಡಿ.